ಊರ ಪಕ್ಕ ಗ್ಯಾಸ್ ಘಟಕ ಬರ್ತಿದೆ. ಹಿಯರಿಂಗ್ ದಿನ ಐನೂರು ಜನ ಸೇರಿಸಿದರೆ ನಿಲ್ಲುತ್ತಾ? ಇಲ್ಲ, ಮನೆ ಮಾರಿಬಿಡೋದೇ ಒಳ್ಳೆಯದಾ?

ಆ ಹಿಯರಿಂಗ್, ಅಂದರೆ ಸಾರ್ವಜನಿಕ ವಿಚಾರಣೆ, ಬರದೆಯೂ ಇರಬಹುದು. ನಮ್ಮಲ್ಲಿ ಬರಲಿಲ್ಲ.

ನಮ್ಮದು ಅಂಕೋಲಾ, ಕುಮಟಾ ನಡುವೆ ಹೆದ್ದಾರಿ 66ರ ಬಗಲಿನ ಊರು. ಗುಡ್ಡದ ಬುಡದಲ್ಲಿ ಜೆಸಿಬಿ ಜಾಗ ಸಮ ಮಾಡುತ್ತಿತ್ತು. ಪೆಟ್ರೋಲ್ ಬಂಕ್ ಇರಬೇಕು ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ನೈಸರ್ಗಿಕ ಅನಿಲದ ಘಟಕ. ದ್ರವ ಮಾಡಿದ ಗ್ಯಾಸ್ ಟ್ಯಾಂಕರಿನಲ್ಲಿ ಬರುತ್ತದೆ. ಅದನ್ನು ದೊಡ್ಡ ಟ್ಯಾಂಕಿನಲ್ಲಿ ಇಟ್ಟು, ಬೆಚ್ಚಗೆ ಮಾಡಿ, ಮತ್ತೆ ಅನಿಲವಾಗಿಸಿ ಪೈಪಿಗೆ ಬಿಡುತ್ತಾರೆ. ನಮ್ಮ ಮನೆಗಳೆಲ್ಲ ಅದರ ಕೆಳಗೆ, ತೋಟದ ತಗ್ಗಿನಲ್ಲಿ. ಒಳಗೆ ಬರಲು ಒಂದೇ ರಸ್ತೆ, ಅದಕ್ಕೊಂದು ಹಳೇ ಸಂಕ, ಅಂದರೆ ಕಿರುಸೇತುವೆ.

ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಕಂಡ ಜಿಲ್ಲೆ ನಮ್ಮದು. ‘ಬೇಡ’ ಅನ್ನೋದನ್ನ ಯಾರೂ ಕಲಿಸಬೇಕಿಲ್ಲ. ಊರೆಲ್ಲ ಸಹಿ ಹಾಕಿತು. ಮನವಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಎಡವಿದ್ದು ಅಲ್ಲೇ. ಮೊದಲ ಪುಟದ ತುಂಬ ನಾನು ಬರ್ಗಿಯನ್ನು ಬರೆದೆ. 2015ರಲ್ಲಿ ಬರ್ಗಿಯ ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ, ಬೆಂಕಿ ಹತ್ತಿ, ಜನ ಸತ್ತಿದ್ದು ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಇದೂ ಹಾಗೇ ಆಗುತ್ತದೆ ಅಂತ ಬರೆದೆ. ರಸ್ತೆ, ಸಂಕ, ಕೊರೆದ ಗುಡ್ಡ, ತಗ್ಗಿನ ಮನೆಗಳು ಎಲ್ಲ ಮೂರನೇ ಪುಟಕ್ಕೆ ಹೋದವು.

ಪಂಚಾಯತಿ ಸಭಾಭವನದಲ್ಲಿ ಮೀಟಿಂಗ್ ಆಯಿತು. ಕಂಪನಿಯ ಇಂಜಿನಿಯರ್ ಬಹಳ ವಿನಯದ ಮನುಷ್ಯ. ಎದ್ದು ನಿಂತು ಹೇಳಿದರು: ‘ಬರ್ಗಿಯಲ್ಲಿ ಸೋರಿದ್ದು ಎಲ್‌ಪಿಜಿ, ನಿಮ್ಮ ಮನೆಯ ಸಿಲಿಂಡರಿನಲ್ಲಿ ಇರೋದೇ. ಅದು ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಇದು ಮೀಥೇನ್, ಗಾಳಿಗಿಂತ ಹಗುರ, ಮೇಲೆ ಹೋಗಿಬಿಡುತ್ತದೆ. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಇದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ.’ ಹೇಳಿದ್ದೆಲ್ಲ ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೂರನೇ ಪುಟವನ್ನು ಯಾರೂ ಓದಲಿಲ್ಲ. ಗ್ರಾಮಸ್ಥರ ಆತಂಕಕ್ಕೆ ತಜ್ಞರು ಸಮಾಧಾನ ಹೇಳಿದರು ಅಂತ ನಡಾವಳಿಯಲ್ಲಿ ದಾಖಲಾಯಿತು. ಮುಗೀತು.

ಆದರೆ ಅವರು ಹೇಳಿದ್ದು ಅರ್ಧ. ಉಳಿದರ್ಧ ನನಗೆ ತಿಳಿದಿದ್ದು ಘಟಕದ ಕಾಂಪೌಂಡ್ ಎದ್ದ ಮೇಲೆ. ಮೀಥೇನ್ ದ್ರವವಾಗಿ ಇರಬೇಕಾದರೆ ಅದನ್ನು ಮೈನಸ್ 162 ಡಿಗ್ರಿಗೆ ತಣಿಸಬೇಕು. ಆ ದ್ರವ ಚೆಲ್ಲಿತು ಅನ್ನಿ. ಮೊದಲು ಏಳುವ ಆವಿ ಅಷ್ಟೇ ತಣ್ಣಗಿರುತ್ತದೆ. ತಣ್ಣಗಿರುವಷ್ಟು ಹೊತ್ತು ಅದು ಗಾಳಿಗಿಂತ ಭಾರ. ಸುಮಾರು ಮೈನಸ್ 110 ಡಿಗ್ರಿ ದಾಟಿ ಬೆಚ್ಚಗಾದ ಮೇಲಷ್ಟೇ ಹಗುರಾಗಿ ಮೇಲೇಳುತ್ತದೆ. ಅಲ್ಲಿಯವರೆಗೆ ಮಾಗಿಯ ಬೆಳಗ್ಗೆ ಗದ್ದೆ ಮೇಲೆ ಮಲಗಿದ ಮಂಜಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಒಂದು ಲೀಟರ್ ದ್ರವದಿಂದ ಸುಮಾರು 600 ಲೀಟರ್ ಅನಿಲ ಆಗುತ್ತದೆ. ವಾಸನೆಯೂ ಇಲ್ಲ. ನಮಗೆ ಗೊತ್ತಿರುವ ಆ ಗ್ಯಾಸ್ ವಾಸನೆಯನ್ನು ಆಮೇಲೆ ಬೆರೆಸುತ್ತಾರೆ. ತಗ್ಗಿನಲ್ಲಿ ಇದ್ದವರು ನಾವು, ಅಲ್ವಾ? ‘ಟ್ಯಾಂಕರ್ ಖಾಲಿ ಮಾಡುವಾಗ ಪೈಪ್ ಕಿತ್ತರೆ ಆವಿ ಯಾವ ದಿಕ್ಕಿಗೆ, ಎಷ್ಟು ದೂರ ಹೋಗುತ್ತದೆ? ಲೆಕ್ಕ ತೋರಿಸಿ’ ಅಂತ ಒಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅದರ ಬದಲು ಬೇರೆ ಗ್ಯಾಸಿನ ಕಥೆ ಹಿಡಿದುಕೊಂಡು ಹೋದೆ. ಒಂದು ಮಾತು ತಪ್ಪಾಯಿತು, ಉಳಿದ ಹತ್ತು ಸರಿ ಮಾತನ್ನೂ ಯಾರೂ ನಂಬಲಿಲ್ಲ.

ಈಗ ನಿಮ್ಮ ಐನೂರು ಜನರ ವಿಷಯ. ಸಂಗ್ರಹ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಮಿತಿಯೊಳಗೆ ಇದ್ದರೆ 2006ರ ಪರಿಸರ ಅಧಿಸೂಚನೆ ಪರಿಸರ ಅನುಮತಿ ಕೇಳುವುದೇ ಇಲ್ಲ, ಹಾಗಾಗಿ ಸಾರ್ವಜನಿಕ ವಿಚಾರಣೆಯೂ ಇಲ್ಲ. ಮಿತಿ ದಾಟಿ ವಿಚಾರಣೆ ನಡೆದರೂ ಅದಕ್ಕೆ ಕೋರಂ ಅನ್ನೋದು ಇಲ್ಲ. ಐದು ಜನ ಬಂದರೂ ಸಭೆ ಸಭೆಯೇ. ಬಹಿಷ್ಕಾರ ಹಾಕಿ ಹೊರಗೆ ಕೂತರೆ ಒಳಗೆ ಪರವಾಗಿ ಮಾತಾಡಿದವರ ಮಾತಷ್ಟೇ ದಾಖಲಾಗುತ್ತದೆ. ವಿಚಾರಣೆ ಬಂದರೆ 30 ದಿನ ಮೊದಲು ನೋಟಿಸ್ ಬರಬೇಕು, ಪರಿಸರ ಪರಿಣಾಮ ವರದಿಯ ಕನ್ನಡ ಸಾರಾಂಶ ಸಿಗಬೇಕು. ಜನ ಸೇರಿಸುವ ಶ್ರಮವನ್ನು ಅದನ್ನು ಓದುವುದಕ್ಕೆ ಹಾಕಿ.

ತದಡಿಗೆ 4000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಬರಲಿಲ್ಲ. ಬರೀ ಘೋಷಣೆಯಿಂದ ನಿಂತಿದ್ದಲ್ಲ ಅದು. ಅಲ್ಲಿನ ಅಘನಾಶಿನಿ ಅಳಿವೆಯ ಮೀನು, ಬಳಚು ಅನ್ನೋ ಚಿಪ್ಪುಮೀನು, ಅದನ್ನು ಹೆಕ್ಕಿ ಬದುಕುವವರು, ಎಲ್ಲದರ ಲೆಕ್ಕವೂ ಜನರ ಕೈಯಲ್ಲಿತ್ತು. ಅದೇ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಇನ್ನೊಂದು, ‘ಗ್ಯಾಸೇ ಬೇಡ’ ಅನ್ನಬೇಡಿ. ನಾಳೆ ಪೈಪ್ ಬಂದರೆ ಮೊದಲು ಕನೆಕ್ಷನ್ ತಗೊಳ್ಳೋರು ನಾವೇ. ‘ಈ ಜಾಗ ಬೇಡ, ಕಾರಣ ಇವು’ ಅನ್ನಿ. ನಾವು ಮನವಿ ಕೊಟ್ಟಾಗ ಶಿರೂರಿನ ಗುಡ್ಡ ಕುಸಿತ ಆಗಿರಲಿಲ್ಲ, ಗುಡ್ಡದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2024ರ ಜುಲೈಯಲ್ಲಿ ಅಲ್ಲಿ ಗುಡ್ಡ ಕುಸಿದು ಗ್ಯಾಸ್ ಟ್ಯಾಂಕರನ್ನೇ ಗಂಗಾವಳಿ ಹೊಳೆಗೆ ತಳ್ಳಿತು. ನಿಮ್ಮ ಜಾಗದ ಹಿಂದೆ ಕೊರೆದ ಗುಡ್ಡ ಇದ್ದರೆ ಮೊದಲ ಪುಟದಲ್ಲಿ ಅದನ್ನೇ ಬರೆಯಿರಿ.

ಮನೆ ಮಾರುವ ಬಗ್ಗೆಯೂ ಕೇಳಿದ್ದೀರಿ. ನಾವು ಮಾರಲಿಲ್ಲ. ಅದು ನಿಮ್ಮ ಮನೆಯವರು ಕೂತು ಮಾತಾಡುವ ವಿಷಯ, ನನ್ನನ್ನು ಕೇಳಬೇಡಿ. ಸದ್ಯಕ್ಕೆ ಆ ಸರ್ವೆ ನಂಬರ್ ಬಿನ್‌ಶೇತ್ಕಿ (ಕೃಷಿಯೇತರ ಜಮೀನು) ಆಗಿದೆಯಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಪೆಸೊ (ಕೇಂದ್ರದ ಪೆಟ್ರೋಲಿಯಂ, ಸ್ಫೋಟಕ ಸುರಕ್ಷತಾ ಸಂಸ್ಥೆ) ಲೈಸೆನ್ಸಿಗೆ ಕೊಟ್ಟ ನಕ್ಷೆಯನ್ನು ಆರ್‌ಟಿಐ ಹಾಕಿ ಕೇಳಿ. ಟ್ಯಾಂಕಿನಿಂದ ಹತ್ತಿರದ ಮನೆಗೆ ಅದರಲ್ಲಿ ಬರೆದ ಅಂತರ ಸರಿ ಇದೆಯಾ ಅಂತ ನೀವೇ ಟೇಪ್ ಹಿಡಿದು ಅಳೆಯಿರಿ. ಕಾಂಪೌಂಡ್ ಏಳುವ ಮೊದಲೇ ಅಳೆಯಿರಿ, ಆಮೇಲೆ ಒಳಗೆ ಬಿಡೋದಿಲ್ಲ.