ಪನಾಮ ಕಾಲುವೆಯ ಚಿತ್ರನಕ್ಷೆ ಕಾರ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಳೆಯ ಪುಸ್ತಕದ ಹಾಳೆಗಳ ನಡುವೆ ಸಿಕ್ಕಿದ ಬಣ್ಣದ ಅಂಚೆಕಾರ್ಡೊಂದರಲ್ಲಿ ಪನಾಮ ಕಾಲುವೆಯನ್ನು ಆಕಾಶದಿಂದ ನೋಡಿದಂತೆ ಚಿತ್ರಿಸಲಾಗಿದೆ. ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಪೆಸಿಫಿಕ್ ಇದ್ದು, ನಡುವೆ ಮೆಟ್ಟಿಲುಗಳಂಥ ಲಾಕ್‌ಗಳು (ನೀರು ತುಂಬಿ, ಖಾಲಿಮಾಡಿ ಹಡಗನ್ನು ಏರಿಸಿ ಇಳಿಸುವ ಕೋಣೆಗಳು), ಗಾಟೂನ್‌ನಲ್ಲಿ ದೊಡ್ಡ ಸರೋವರ, ಪೆಸಿಫಿಕ್ ತುದಿಯ ಲಾ ಬೋಕಾದಲ್ಲಿ ಗುಡ್ಡದ ಬುಡಕ್ಕೆ ಇನ್ನೊಂದು ಸರೋವರ, ಸಾಲಾಗಿ ಸಾಗುವ ಹಡಗುಗಳು ಕಾಣುತ್ತವೆ. ಪ್ರಕಾಶಕರು ಅಮೆರಿಕದವರು. ಹಿಂಬದಿಯಲ್ಲಿ ನಡುಗೆರೆಯೊಂದಿದೆ, ಬರಹವಾಗಲಿ ಅಂಚೆಚೀಟಿಯಾಗಲಿ ಇಲ್ಲ. ಪೆಸಿಫಿಕ್ ಬಲಕ್ಕಿರುವುದು ಮುದ್ರಣದ ತಪ್ಪೇ? ಕಾರ್ಡು ಯಾವ ಕಾಲದ್ದು? ಇದನ್ನು ನಕ್ಷೆಯೆಂದು ನಂಬಬಹುದೇ?

ಉತ್ತರ: ದಿಕ್ಕಿನ ವಿಷಯದಲ್ಲಿ ಚಿತ್ರಕಾರ ಎಡವಿಲ್ಲ. ಪೆಸಿಫಿಕ್ ಎಂದರೆ ಪಶ್ಚಿಮ ಎಂಬ ರೂಢಿಯ ಎಣಿಕೆ ಪನಾಮದಲ್ಲಿ ನಡೆಯುವುದಿಲ್ಲ. ಅಲ್ಲಿ ಭೂಸಂಧಿಯು ಬಾಗಿ ಪೂರ್ವ–ಪಶ್ಚಿಮವಾಗಿ ಮಲಗಿರುವುದರಿಂದ, ಕಾಲುವೆ ವಾಯವ್ಯದ ಕೊಲೋನ್ ನಗರದ ಬಳಿ ಆರಂಭವಾಗಿ ಆಗ್ನೇಯದ ಪನಾಮ ನಗರದ ಬಳಿ ಮುಗಿಯುತ್ತದೆ. ಅಂದರೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗು ಹೊರಟ ಸ್ಥಳಕ್ಕಿಂತ ಪೂರ್ವಕ್ಕೆ ಹೋಗಿ ಸೇರುತ್ತದೆ. ನೈರುತ್ಯದ ಆಕಾಶದಲ್ಲಿ ನಿಂತು ಈಶಾನ್ಯಕ್ಕೆ ನೋಡುವವನಿಗೆ ಸಾಗರಗಳು ತಮ್ಮ ಕಾರ್ಡಿನಲ್ಲಿರುವಂತೆಯೇ ಕಾಣಬೇಕು.

ಕಾಲವನ್ನು ತಿಳಿಯಲು ಕಾರ್ಡಿನ ಎರಡೂ ಬದಿಗಳು ನೆರವಾಗುತ್ತವೆ. ಹಿಂಬದಿಯ ಒಂದು ಭಾಗದಲ್ಲಿ ವಿಳಾಸವನ್ನೂ ಇನ್ನೊಂದು ಭಾಗದಲ್ಲಿ ಒಕ್ಕಣೆಯನ್ನೂ ಬರೆಯಲು ಅಮೆರಿಕದ ಅಂಚೆ ಇಲಾಖೆ ಅನುಮತಿ ಕೊಟ್ಟಿದ್ದು 1907ರ ಮಾರ್ಚ್ 1ರಿಂದ. ಆದ್ದರಿಂದ ನಡುಗೆರೆಯುಳ್ಳ ತಮ್ಮ ಕಾರ್ಡು ಅದಕ್ಕಿಂತ ಹಿಂದಿನದಾಗಿರುವ ಸಂಭವ ಕಡಿಮೆ. ಇನ್ನೂ ಬೆಲೆಯುಳ್ಳ ಸುಳಿವು ಲಾ ಬೋಕಾದ ಆ ಎರಡನೆಯ ಸರೋವರ. ಅಂಥ ಸರೋವರ ಅಲ್ಲಿ ಎಂದೂ ಆಗಲಿಲ್ಲ. 1906ರಲ್ಲಿ ಒಪ್ಪಿಗೆ ಪಡೆದ ಯೋಜನೆಯಂತೆ ಪೆಸಿಫಿಕ್ ಕಡೆಯ ಕೊನೆಯ ಎರಡು ಲಾಕ್‌ಗಳು ಲಾ ಬೋಕಾದ ಸೋಸಾ ಗುಡ್ಡದ ಬಳಿ ಬಂದು, ಅವುಗಳ ಹಿಂದೆ ನೀರು ನಿಲ್ಲಬೇಕಾಗಿತ್ತು. ಆದರೆ ಅಲ್ಲಿ ಅಣೆಕಟ್ಟಿಗೆ ಮಣ್ಣು ಸುರಿಯತೊಡಗಿದಾಗ ಅಡಿಯ ಮೆದು ಜೇಡಿ ಭಾರ ತಾಳದೆ ಜಾರಿತು. ಜೊತೆಗೆ, ಕಡಲಿಗೆ ಅಷ್ಟು ಸಮೀಪದಲ್ಲಿದ್ದರೆ ಲಾಕ್‌ಗಳು ಶತ್ರುನೌಕೆಗಳ ಫಿರಂಗಿಗೆ ಸುಲಭವಾಗಿ ಸಿಗುತ್ತವೆಂಬ ಅಳುಕೂ ಇತ್ತು. ಹೀಗಾಗಿ 1907ರ ಡಿಸೆಂಬರಿನಲ್ಲಿ ಅವನ್ನು ಒಳನಾಡಿನ ಮಿರಾಫ್ಲೋರೆಸ್‌ಗೆ ಸರಿಸಲಾಯಿತು. ಆದ ಕಾರಣ ತಮ್ಮ ಕಾರ್ಡಿನ ಚಿತ್ರ, ಕೈಬಿಡಲಾದ ಆ ಮೊದಲ ಯೋಜನೆಯದು. ಹಳೆಯ ಅಚ್ಚುಗಳನ್ನೇ ಪ್ರಕಾಶಕರು ಕೆಲವು ವರ್ಷ ಬಳಸುತ್ತಿದ್ದುದರಿಂದ ಮುದ್ರಣ ತುಸು ಈಚಿನದಿರಬಹುದಾದರೂ, 1914ರ ಆಗಸ್ಟ್ 15ರಂದು ಆಂಕಾನ್ ಎಂಬ ಹಡಗು ಕಾಲುವೆಯನ್ನು ವಿಧ್ಯುಕ್ತವಾಗಿ ದಾಟುವುದಕ್ಕೆ ಎಷ್ಟೋ ಮೊದಲೇ ಈ ಚಿತ್ರ ರೂಪುಗೊಂಡಿತ್ತೆಂಬುದರಲ್ಲಿ ಸಂದೇಹವಿಲ್ಲ. ಅದರಲ್ಲಿ ಸಾಲುಗಟ್ಟಿ ಸಾಗುತ್ತಿರುವ ಹಡಗುಗಳ ಕೆಳಗೆ ಆಗ ನೀರೇ ಇರಲಿಲ್ಲ.

ನಕ್ಷೆಯೆಂದು ನಂಬಬಹುದೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಕಾಲುವೆಯ ಉದ್ದ ಸುಮಾರು 80 ಕಿಲೋಮೀಟರು. ಗಾಟೂನ್ ಸರೋವರದ ಮಟ್ಟ ಸಮುದ್ರಕ್ಕಿಂತ ಸುಮಾರು 26 ಮೀಟರು ಎತ್ತರ. ಈ ಉದ್ದವನ್ನು 14 ಸೆಂಟಿಮೀಟರಿನ ಕಾರ್ಡಿಗೆ ಇಳಿಸಿದರೆ, ಅದೇ ಅಳತೆಯಲ್ಲಿ ಆ ಎತ್ತರ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆಯಾಗಿ, ಕೂದಲೆಳೆಗಿಂತ ತೆಳುವಾಗುತ್ತದೆ. 305 ಮೀಟರು ಉದ್ದದ ಲಾಕ್ ಕೋಣೆ ಅರ್ಧ ಮಿಲಿಮೀಟರಿನ ಗುರುತಾಗಿ ಉಳಿಯುತ್ತದೆ. ಹೀಗಿರುವಾಗ ಮೆಟ್ಟಿಲುಗಳು ಎದ್ದು ಕಾಣುವಂತೆ ಬರೆಯಬೇಕಾದರೆ ಅಳತೆಯನ್ನು ಬಿಟ್ಟುಕೊಡಲೇಬೇಕು. ಅದನ್ನು ಮೋಸವೆಂದು ನಾನು ಹೇಳಲಾರೆ. ಬಾಗಿಲುಗಳನ್ನು ಮುಚ್ಚಿ, ಗೋಡೆ ಮತ್ತು ನೆಲದೊಳಗಿನ ಕೊಳವೆಗಳಿಂದ ಕೋಣೆಗೆ ನೀರು ತುಂಬಿ ಹಡಗನ್ನು ಗಾಟೂನ್‌ನಲ್ಲಿ ಮೂರು ಹಂತ ಏರಿಸಿ, ಆಚೆ ಮತ್ತೆ ಮೂರು ಹಂತ ಇಳಿಸುವ ಉಪಾಯವನ್ನು ಸಾಮಾನ್ಯ ಓದುಗನಿಗೆ ಒಂದೇ ನೋಟದಲ್ಲಿ ಮನದಟ್ಟು ಮಾಡಿದ್ದು ಇಂಥ ಚಿತ್ರಗಳೇ.

ಆದರೆ ಬಿಟ್ಟುಕೊಟ್ಟದ್ದು ಅಳತೆಯೊಂದನ್ನೇ ಅಲ್ಲ. ಕಾಲುವೆಗಾಗಿ ಗುಡ್ಡ ಕಡಿದು ತೋಡಿದ ಕುಲೆಬ್ರಾ ಕಣಿವೆಯನ್ನು ಇಂಥ ಚಿತ್ರಗಳು ನೇರವಾದ ಅಚ್ಚುಕಟ್ಟು ಓಣಿಯಂತೆ ತೋರಿಸುತ್ತವೆ; ನಿಜದಲ್ಲಿ ಅದರ ದಡಗಳು ಮತ್ತೆ ಮತ್ತೆ ಕುಸಿದವು, ಉದ್ಘಾಟನೆಯಾದ ಮೇಲೂ 1915ರ ಕುಸಿತದಿಂದ ಕಾಲುವೆ ತಿಂಗಳುಗಟ್ಟಲೆ ಮುಚ್ಚಿತ್ತು. ಸರೋವರದ ನೀಲಿಯ ಅಡಿಯಲ್ಲಿ ಚಾಗ್ರೆಸ್ ನದಿಯ ದಡದ ಮಟಾಚಿನ್‌ನಂಥ ಊರುಗಳಿದ್ದವು. ಅಲ್ಲಿಯ ಜನರನ್ನು ಎಬ್ಬಿಸಲಾಯಿತು. ಅಮೆರಿಕದವರು ಕೆಲಸ ನಡೆಸಿದ ಅವಧಿಯಲ್ಲಿ ರೋಗದಿಂದಲೂ ಅಪಘಾತದಿಂದಲೂ ಸತ್ತವರು ದಾಖಲೆಯ ಪ್ರಕಾರವೇ 5,609 ಮಂದಿ, ಅವರಲ್ಲಿ ಬಹುಪಾಲು ಬಾರ್ಬಡೋಸ್ ಮೊದಲಾದ ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದ ಕಪ್ಪು ಕಾರ್ಮಿಕರು. ಭೂತಗನ್ನಡಿ ಹಿಡಿದು ತಮ್ಮ ಕಾರ್ಡನ್ನು ನೋಡಿ: ಗುದ್ದಲಿ ಹಿಡಿದ ಒಬ್ಬನಾದರೂ ಇದ್ದಾನೆಯೇ? ಕೆಲಸ ನಡೆಯುತ್ತಿದ್ದಾಗಲೇ ಅದು ಮುಗಿದಂತೆ ತೋರಿಸಿ ಜನರ ಸಮ್ಮತಿಯನ್ನು ಗಳಿಸುವಂತಿವೆ ಈ ಕಾರ್ಡುಗಳು; ಆದ್ದರಿಂದ ಇದನ್ನು ನಕ್ಷೆಯಾಗಿ ನಂಬುವುದಕ್ಕಿಂತ ವಾದವಾಗಿ ಓದುವುದೇ ಸರಿ.

ಪ್ರಶ್ನೆ: ಅಂಗೈಯಗಲದ ಇಂಥ ಚಿತ್ರಗಳಿಂದ ನಿಜಕ್ಕೂ ಅಭಿಪ್ರಾಯಗಳು ಬದಲಾಗುತ್ತಿದ್ದವೇ?

ಉತ್ತರ: ಅದಕ್ಕಿಂತ ಚಿಕ್ಕ ಚಿತ್ರವೊಂದು ಇದೇ ಕಾಲುವೆಯ ಚರಿತ್ರೆಯಲ್ಲಿ ಪಾತ್ರ ವಹಿಸಿದೆ. 1902ರ ಆರಂಭದಲ್ಲಿ ಅಮೆರಿಕದ ಒಲವು ನಿಕರಾಗುವಾ ಮಾರ್ಗದ ಕಡೆಗಿತ್ತು. 1889ರಲ್ಲಿ ದಿವಾಳಿಯಾದ ಫ್ರೆಂಚ್ ಕಂಪನಿಯ ಪನಾಮ ಕೆಲಸದಲ್ಲಿ ದುಡಿದಿದ್ದ ಎಂಜಿನಿಯರ್ ಫಿಲಿಪ್ ಬ್ಯುನೋ ವಾರಿಯಾ ಅದನ್ನು ತಪ್ಪಿಸಲು ಶ್ರಮಿಸುತ್ತಿದ್ದರು. ಆ ವರ್ಷದ ಮೇ 8ರಂದು ಮಾರ್ಟಿನೀಕ್ ದ್ವೀಪದ ಪೆಲೇ ಅಗ್ನಿಪರ್ವತ ಸಿಡಿದು ಸುಮಾರು 30,000 ಜನ ಸತ್ತಿದ್ದರು. ನಿಕರಾಗುವಾ 1900ರಲ್ಲಿ ಹೊರತಂದಿದ್ದ ಅಂಚೆಚೀಟಿಯಲ್ಲಿ ಸರೋವರದ ದಡದ ಮೊಮೊಟೊಂಬೊ ಪರ್ವತ ಹೊಗೆಯುಗುಳುವ ಚಿತ್ರವಿತ್ತು. ಬ್ಯುನೋ ವಾರಿಯಾ ಆ ಚೀಟಿಗಳನ್ನು ಹುಡುಕಿ ಕೊಂಡು, ಹಾಳೆಗೆ ಅಂಟಿಸಿ, ಪ್ರತಿಯೊಬ್ಬ ಸೆನೆಟರರಿಗೂ ಕಳುಹಿಸಿದರು. ನಿಕರಾಗುವಾ ಅಗ್ನಿಪರ್ವತಗಳ ನಾಡೆಂಬುದಕ್ಕೆ ಆ ನಾಡಿನ ಸರಕಾರವೇ ಕೊಟ್ಟ ಸಾಕ್ಷಿಯಂತೆ ಅದು ಕಂಡಿತು. ಜೂನ್ 19ರಂದು ಸೆನೆಟ್ 42–34 ಮತಗಳಿಂದ ಪನಾಮವನ್ನು ಆರಿಸಿತು. ಕಡಿಮೆ ಉದ್ದ, ಫ್ರೆಂಚರ ಸ್ವತ್ತಿಗೆ ಇಳಿಸಿದ 4 ಕೋಟಿ ಡಾಲರ್ ಬೆಲೆ, ಎಂಜಿನಿಯರುಗಳ ಸಲಹೆ ಇವೆಲ್ಲ ಹೆಚ್ಚು ತೂಕದ ಕಾರಣಗಳಾಗಿದ್ದುದರಿಂದ ಗೆಲುವಿನ ಪೂರ್ಣ ಹಿರಿಮೆಯನ್ನು ಅಂಚೆಚೀಟಿಗೇ ಕೊಡುವುದು ಅತಿಯಾದೀತು. ಆದರೂ ಎಂಟು ಮತಗಳ ಅಂತರದಲ್ಲಿ ಅದರ ಪಾಲು ಇರಲೇ ಇಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಪ್ರಶ್ನೆ: ಕಾರ್ಡಿನ ಮೂಲೆ ಹರಿದಿದೆ. ಅಂಟುಪಟ್ಟಿ ಹಚ್ಚಬಹುದೇ?

ಉತ್ತರ: ಖಂಡಿತ ಬೇಡ. ಅಂಟು ಕಾಲಕ್ರಮದಲ್ಲಿ ಹಳದಿಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ, ಕೀಳಹೋದರೆ ಬಣ್ಣವೂ ಎದ್ದು ಬರುತ್ತದೆ. ಅಂಚನ್ನು ಕತ್ತರಿಸಿ ನೇರ ಮಾಡುವುದೂ ಬೇಡ. ಪಾಲಿಯೆಸ್ಟರ್ ಲಕೋಟೆಯಲ್ಲಿ, ಆಮ್ಲರಹಿತ ರಟ್ಟಿನ ಆಧಾರವಿಟ್ಟು, ಬಿಸಿಲೂ ತೇವವೂ ತಾಗದಲ್ಲಿ ಮಲಗಿಸಿಡಿ. ಹಿಂಬದಿಯ ನಡುಗೆರೆಯೂ ಪ್ರಕಾಶಕರ ಹೆಸರೂ ಕಾಣುವಂತೆ ಎರಡು ಬದಿಗಳ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಕಾರ್ಡನ್ನು ಪದೇ ಪದೇ ಹೊರತೆಗೆಯಬೇಕಾಗುವುದಿಲ್ಲ.