ಬಾಗಿಲ ಬಳಿ ಕೂಗುವ ಬೆಕ್ಕನ್ನು ಹೊರಗೆ ಬಿಡಬೇಕಾ?

ನಿಮ್ಮ 8 ತಿಂಗಳ ಗಂಡು ಬೆಕ್ಕು ಕತ್ತಲಾಗುತ್ತಿದ್ದಂತೆ ಬಾಗಿಲ ಬಳಿ ಕೂತು ಕೂಗುತ್ತದೆ, ಬಿಡಲೋ ಬೇಡವೋ ಎಂದು ಕೇಳಿದ್ದೀರಿ. ಸಂತಾನಹರಣದ ಆಪರೇಷನ್ ಆಗಿಲ್ಲ ಅಂತಲೂ ಬರೆದಿದ್ದೀರಿ. ಕೂಗಿನ ಮೂಲ ಬಹುಶಃ ಅಲ್ಲೇ ಇದೆ. ಮೊದಲು ಅದನ್ನು ಮಾಡಿಸಿ. ಮರುದಿನವೇ ಸುಮ್ಮನಾಗುವುದಿಲ್ಲ, ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು.

ನಾನಾಗಿದ್ದರೆ ಬಿಡುವುದಿಲ್ಲ. ನನ್ನ ಹಿಂದಿನ ಬೆಕ್ಕನ್ನು ಬಿಡುತ್ತಿದ್ದೆ. ಒಂದು ದಿನ ಬೇರೆ ಬೆಕ್ಕಿನಿಂದ ಕಚ್ಚಿಸಿಕೊಂಡು ಬಾಲದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗಾಯ ಮಾಡಿಕೊಂಡು ಬಂತು. ಚರ್ಮ ಮುಚ್ಚಿಕೊಂಡಿತು, ವಾಸಿಯಾಯಿತು ಅಂದುಕೊಂಡೆ. ಮೂರನೇ ದಿನ ನಿಂಬೆಹಣ್ಣಿನ ಗಾತ್ರಕ್ಕೆ ಊದಿ ಕೀವು ತುಂಬಿತ್ತು. ಬೆಕ್ಕಿನ ಕಡಿತವೇ ಹಾಗೆ. ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಗಾಯದ ಬಾಯಿ ಬೇಗ ಮುಚ್ಚುತ್ತದೆ. ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ) ವೈರಸ್ ಹರಡುವುದೂ ಜಾಸ್ತಿ ಇಂಥ ಕಚ್ಚಾಟದಿಂದಲೇ.

ಹಾಗಂತ ಸುಮ್ನೆ ಕೂಡಿಹಾಕಿದರೆ ಸೋಫಾ ಉಳಿಯುವುದಿಲ್ಲ! ಮುಂಜಾನೆ, ಮುಸ್ಸಂಜೆ ಬೆಕ್ಕಿಗೆ ಬೇಟೆಯ ಹೊತ್ತು, ಹೊಟ್ಟೆ ತುಂಬಿದ್ದರೂ ಅಷ್ಟೇ. ಆಗ ಕೋಲಿಗೆ ದಾರ, ದಾರಕ್ಕೆ ಗರಿ ಕಟ್ಟಿ 10 ನಿಮಿಷ ಓಡಿಸಿ. ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಹಾಕಿ. ಕಿಟಕಿಗೆ ಗಟ್ಟಿ ಜಾಲರಿ, ಪಕ್ಕದಲ್ಲಿ ಎತ್ತರದ ಹಲಗೆ ಇರಲಿ. ಕೂಗಿದಾಗ ಮಾತ್ರ ಬಾಗಿಲು ತೆಗೆಯಬೇಡಿ. ಒಮ್ಮೆ ತೆಗೆದರೂ ಸಾಕು, ಮರುದಿನ ಇನ್ನೂ ಜೋರಾಗಿ ಕೂಗುತ್ತದೆ.

ಹೊರಗಿನ ಗಾಳಿ ಬೇಕೇಬೇಕು ಅನ್ನಿಸಿದರೆ ರೇಬೀಸ್ ಲಸಿಕೆ ಹಾಕಿಸಿ, ಹಗಲಲ್ಲಿ ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಕಟ್ಟಿ ಕರೆದುಕೊಂಡು ಹೋಗಿ. ಮೊದಲ ಸಲ ಹಾಕಿದಾಗ ಕಾಲೇ ಇಲ್ಲದಂತೆ ಧೊಪ್ಪನೆ ಮಗ್ಗುಲಿಗೆ ಬೀಳುತ್ತದೆ. ಗಾಬರಿ ಬೇಡ, ನಾಟಕ ಅಷ್ಟೇ.