ವಿಂಡೋ ಬೆಳ್ಳಗಾದರೆ ರ‍್ಯಾಮ್ ಹಾಕಿಸಬೇಡಿ

ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯಲು ಶುರು ಮಾಡಿದವರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವತ್ತೂ ತಪ್ಪುವುದಿಲ್ಲ: ಬಟನ್ ಒತ್ತಿದರೆ ವಿಂಡೋ ಬೆಳ್ಳಗಾಗಿ ನಿಂತುಬಿಡುತ್ತದೆ, ಏನು ಮಾಡಲಿ? ಹುಬ್ಬಳ್ಳಿಯವರಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಗದಗಿನಿಂದ ಅದೇ ಪ್ರಶ್ನೆ, ಅದರ ಬೆನ್ನಿಗೇ ಹಾವೇರಿಯಿಂದ. ಕೇಳಿದವರ ತಪ್ಪಲ್ಲ. ಅವರಿಗೆ ಸುತ್ತಲಿನವರು ಕೊಟ್ಟ ಸಲಹೆ ಓದಿದಾಗ ಮಾತ್ರ ಸಿಟ್ಟು ಬರುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದೊಂದಕ್ಕೆ. ಪೈಥಾನ್ ಇನ್‌ಸ್ಟಾಲ್ ಮಾಡುವುದು, ವಿಂಡೋದಲ್ಲಿ ಬಟನ್ ಇಡುವುದು ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಪೈಥಾನ್ ಕಲಿತು, ಅದರಲ್ಲಿ ವಿಂಡೋ, ಬಟನ್ ಮಾಡಲು ಇರುವ ಟಿಕಿಂಟರ್‌ನಲ್ಲಿ ಬಿಲ್ ಪ್ರೋಗ್ರಾಂ ಬರೆದಿದ್ದೇನೆ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ಓದಲು 'ತೂಕ ತಗೋ' ಅಂತ ಬಟನ್ ಇಟ್ಟಿದ್ದೇನೆ. ಒತ್ತಿದರೆ ವಿಂಡೋ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಬರುತ್ತದೆ. ಕೆಲವು ಸಲ ತಾನಾಗಿ ಸರಿಹೋಗುತ್ತದೆ, ಕೆಲವು ಸಲ ಇಲ್ಲ. ಕಂಪ್ಯೂಟರ್ ಅಂಗಡಿಯವರು ರ‍್ಯಾಮ್ ಕಡಿಮೆ ಇದೆ ಅಂದರು. 4 ಜಿಬಿ ಇದ್ದದ್ದನ್ನು 8 ಮಾಡಿಸಿದೆ. ಏನೂ ಬದಲಾಗಲಿಲ್ಲ. ಫಾರ್ಮ್ಯಾಟ್ ಮಾಡಿಸಲಾ?

ಮಾಡಿಸಬೇಡಿ. ರ‍್ಯಾಮ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಿಮ್ಮ ದುಡ್ಡು ಸುಮ್ನೆ ಹೋಯಿತು. ಪ್ರೋಗ್ರಾಂ ಒಳಗೆ ಏನಾಗುತ್ತಿದೆ ಅಂತ ನೋಡದೆಯೇ ರ‍್ಯಾಮ್, ಫಾರ್ಮ್ಯಾಟ್, ಹೊಸ ಹಾರ್ಡ್‌ಡಿಸ್ಕ್ ಅಂತ ಹೇಳುವವರ ಮಾತಿಗೆ ಬೆಲೆ ಕೊಡಬೇಡಿ.

ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ವಿಂಡೋ ಬೆಳ್ಳಗಾದಾಗ ಟಾಸ್ಕ್ ಮ್ಯಾನೇಜರ್ ತೆರೆದು ನಿಮ್ಮ ಪ್ರೋಗ್ರಾಂನ ಸಾಲು ನೋಡಿ. ಸಿಪಿಯು ಹೆಚ್ಚೂಕಡಿಮೆ ಸೊನ್ನೆ ಇರುತ್ತದೆ. ಮೆಮೊರಿಯೂ ಜಾಸ್ತಿ ತಿಂದಿರುವುದಿಲ್ಲ. ಅಂದರೆ ಪ್ರೋಗ್ರಾಂ ಕೆಲಸದ ಭಾರಕ್ಕೆ ಕುಸಿದಿಲ್ಲ. ಏನನ್ನೋ ಕಾಯುತ್ತಾ ಕುಳಿತಿದೆ.

ಯಾಕೆ ಹಾಗೆ? ನಿಮ್ಮ ಪ್ರೋಗ್ರಾಂನ ಕೊನೆಯಲ್ಲಿ 'ಮೇನ್‌ಲೂಪ್' ಅಂತ ಒಂದು ಸಾಲು ಬರೆದಿದ್ದೀರಿ ಅಲ್ವಾ? ಎಲ್ಲರೂ ಬರೆಯುತ್ತಾರೆ, ಅದು ಏನು ಮಾಡುತ್ತದೆ ಅಂತ ಕೇಳುವವರು ಕಡಿಮೆ. ಮೌಸ್ ಕ್ಲಿಕ್ ಆಯಿತು, ಕೀಲಿ ಒತ್ತಿದರು, ವಿಂಡೋದ ಈ ಭಾಗ ಮತ್ತೆ ಬಿಡಿಸಬೇಕು, ಟೈಮರ್ ಮುಗಿಯಿತು ಅಂತ ಒಂದೊಂದೇ ಸುದ್ದಿ ಸಾಲಾಗಿ ಬರುತ್ತಿರುತ್ತದೆ. ಮೇನ್‌ಲೂಪ್ ಒಂದನ್ನು ಎತ್ತಿಕೊಳ್ಳುತ್ತದೆ, ಅದಕ್ಕೆ ಸಂಬಂಧಪಟ್ಟ ಫಂಕ್ಷನ್ ಕರೆಯುತ್ತದೆ, ಆ ಫಂಕ್ಷನ್ ಮುಗಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಈ ಕೆಲಸಕ್ಕೆ ಇರುವುದು ಒಂದೇ ಥ್ರೆಡ್, ಅಂದರೆ ಒಂದಾದ ಮೇಲೊಂದು ಕೆಲಸ ಮಾಡುವ ಒಂದೇ ಸರಣಿ. ನಿಮ್ಮ ಅಂಗಡಿಯಲ್ಲಿ ಒಬ್ಬರೇ ಗುಮಾಸ್ತರು ಇದ್ದಾರೆ ಅಂದುಕೊಳ್ಳಿ. ಒಂದು ಚೀಟಿ ಹಿಡಿದು ಅವರು ಗೋದಾಮಿಗೆ ಹೋಗಿ, ಚೀಲ ಬರುವವರೆಗೆ ಅಲ್ಲೇ ನಿಂತರೆ ಇಲ್ಲಿ ಗದ್ದಿಗೆ ಬಂದ ರೈತರಿಗೆ ಉತ್ತರ ಕೊಡುವವರು ಯಾರೂ ಇಲ್ಲ. ನಿಮ್ಮ 'ತೂಕ ತಗೋ' ಫಂಕ್ಷನ್ ಮಾಡುತ್ತಿರುವುದು ಇದನ್ನೇ. ಅದು ವಾಪಸ್ ಬರುವವರೆಗೆ ವಿಂಡೋವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಮೇಲಿನ ಕ್ಲೋಸ್ ಗುರುತು ಒತ್ತಿದರೂ ಕೇಳುವವರಿಲ್ಲ. ವಿಂಡೋಸ್ 5 ಸೆಕೆಂಡ್ ನೋಡುತ್ತದೆ. ಆಗಲೂ ಪ್ರೋಗ್ರಾಂ ಸುದ್ದಿ ಎತ್ತಿಕೊಳ್ಳದಿದ್ದರೆ ಅದರ ಜಾಗದಲ್ಲಿ ತನ್ನದೇ ಬಿಳಿಚಿದ ನಕಲು ವಿಂಡೋ ಇಟ್ಟು, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರೆಯುತ್ತದೆ.

ಈಗ ನೀವು ಕಳಿಸಿದ ಕೋಡ್ ನೋಡಿ. ಕಾಟಾ ಸೀರಿಯಲ್ ಕೇಬಲ್‌ನಲ್ಲಿದೆ. ಆ ಕೇಬಲ್‌ನಿಂದ ಓದಲು ನೀವು ಪೈಸೀರಿಯಲ್ ಅನ್ನುವ ಪೈಥಾನ್ ಲೈಬ್ರರಿ ಬಳಸಿ, ಒಂದು ಸಾಲು ಓದುವ 'ರೀಡ್‌ಲೈನ್' ಕರೆದಿದ್ದೀರಿ. ಪೋರ್ಟ್ ತೆರೆಯುವಾಗ ಟೈಮ್‌ಔಟ್ ಕೊಟ್ಟಿಲ್ಲ. ಕೊಡದಿದ್ದರೆ ಪೈಸೀರಿಯಲ್ ಎಷ್ಟು ಹೊತ್ತಾದರೂ ಕಾಯುತ್ತದೆ. ಕೆಲವು ಕಾಟಾಗಳು ತೂಕವನ್ನು ನಿಲ್ಲಿಸದೆ ಕಳಿಸುತ್ತಲೇ ಇರುತ್ತವೆ. ಕೆಲವು ಪ್ರಿಂಟ್ ಕೀಲಿ ಒತ್ತಿದಾಗ ಮಾತ್ರ ಕಳಿಸುತ್ತವೆ. ನಿಮ್ಮದು ಎರಡನೇ ತರಹದ್ದಾದರೆ, ಹಮಾಲರು ಚೀಲ ಇಟ್ಟು, ಯಾರಾದರೂ ಕೀಲಿ ಒತ್ತುವವರೆಗೆ ವಿಂಡೋ ಸತ್ತಂತೆಯೇ. 'ತಾನಾಗಿ ಸರಿಹೋಗುತ್ತದೆ' ಅಂದಿರಲ್ಲ, ಅದು ಆಗ.

ಸರಿಹೋಗದೇ ಇರುವುದಕ್ಕೆ ಇನ್ನೊಂದು ಕಾರಣ ಇರಬಹುದು. ರೀಡ್‌ಲೈನ್ ಹುಡುಕುವುದು 'ನ್ಯೂಲೈನ್' ಅನ್ನುವ ಗುರುತನ್ನು. ಕೆಲವು ಕಾಟಾಗಳು ಸಾಲಿನ ಕೊನೆಗೆ ಬರೀ 'ಕ್ಯಾರೇಜ್ ರಿಟರ್ನ್' ಕಳಿಸುತ್ತವೆ. ತೂಕ ಬಂದು ಬಿದ್ದಿರುತ್ತದೆ, ಆದರೆ ರೀಡ್‌ಲೈನ್ ಲೆಕ್ಕದಲ್ಲಿ ಸಾಲು ಮುಗಿದೇ ಇಲ್ಲ. ಕಾಟಾದ ಜೊತೆ ಬಂದ ಪುಸ್ತಕದಲ್ಲಿ ಇದು ಬರೆದಿರುತ್ತದೆ. ಬಾಡ್ ರೇಟ್, ಅಂದರೆ ಕೇಬಲ್‌ನಲ್ಲಿ ಡೇಟಾ ಹೋಗುವ ವೇಗ ಕೂಡ ಅಲ್ಲೇ ಇರುತ್ತದೆ. 9600 ಅಂತ ಊಹೆ ಮಾಡಿ ಹಾಕಬೇಡಿ, ಪುಸ್ತಕ ತೆಗೆದು ನೋಡಿ.

ಪರಿಹಾರಕ್ಕೆ ಇನ್ನೊಂದು ಥ್ರೆಡ್ ಕೂಡ ಬೇಕಿಲ್ಲ. ಟೈಮ್‌ಔಟ್ ಸೊನ್ನೆ ಇಟ್ಟು ಪೋರ್ಟ್ ತೆರೆಯಿರಿ. ಟಿಕಿಂಟರ್‌ನಲ್ಲಿ 'ಆಫ್ಟರ್' ಅಂತ ಒಂದು ಮೆಥಡ್ ಇದೆ. 100 ಮಿಲಿಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಕರೆ ಅಂತ ಅದಕ್ಕೆ ಹೇಳಿ. ಆ ಫಂಕ್ಷನ್ ಅಷ್ಟರಲ್ಲಿ ಬಂದಿರುವ ಅಕ್ಷರಗಳನ್ನಷ್ಟೇ ಓದಿ, ಒಂದು ಕಡೆ ಕೂಡಿಸಿ, ಸಾಲು ಪೂರ್ತಿಯಾಗಿದ್ದರೆ ತೂಕ ತೋರಿಸಬೇಕು. ಕೊನೆಗೆ ಮತ್ತೆ ಆಫ್ಟರ್ ಕರೆದು ಮುಗಿಸಬೇಕು. ಏನೂ ಬಂದಿಲ್ಲವಾದರೆ ತಕ್ಷಣ ವಾಪಸ್. ಎಲ್ಲಿಯೂ ಕಾಯುವ ಮಾತಿಲ್ಲ. ಇದೇ ಕಾರಣಕ್ಕೆ ಬಟನ್ ಫಂಕ್ಷನ್ ಒಳಗೆ 'ಸ್ಲೀಪ್' ಬರೆಯಲೇಬಾರದು. ಅರ್ಧ ಸೆಕೆಂಡ್‌ಗೂ ಬೇಡ.

ಇಲ್ಲಿ ನಿಮಗೆ ಇನ್ನೊಂದು ಸಲಹೆ ಸಿಕ್ಕಿರುತ್ತದೆ, ಅಥವಾ ಸಿಗುತ್ತದೆ: ಲೂಪ್ ಒಳಗೆ 'ಅಪ್‌ಡೇಟ್' ಕರೆಯಿರಿ, ಸರಿಹೋಗುತ್ತದೆ. ವಿಷುಯಲ್ ಬೇಸಿಕ್ ಕಾಲದವರು ಇದನ್ನೇ 'ಡೂಈವೆಂಟ್ಸ್' ಅಂತ ಕಲಿಸುತ್ತಿದ್ದರು. ದಯವಿಟ್ಟು ಬೇಡ. ವಿಂಡೋ ಬೆಳ್ಳಗಾಗುವುದು ನಿಲ್ಲುತ್ತದೆ, ನಿಜ. ಆದರೆ ನಿಮ್ಮ ಫಂಕ್ಷನ್ ಅರ್ಧಕ್ಕೆ ನಿಂತಿರುವಾಗಲೇ ಅಪ್‌ಡೇಟ್ ಹೊಸ ಕ್ಲಿಕ್‌ಗಳನ್ನೂ ಎತ್ತಿಕೊಳ್ಳುತ್ತದೆ. ಗುಮಾಸ್ತರು ಅವಸರದಲ್ಲಿ 'ಉಳಿಸು' ಎರಡು ಸಲ ಒತ್ತಿದರೆ ಮೊದಲನೇ ಉಳಿಸುವಿಕೆ ಮುಗಿಯುವ ಮುಂಚೆ ಅದರ ಹೊಟ್ಟೆಯೊಳಗೇ ಎರಡನೆಯದು ಶುರುವಾಗುತ್ತದೆ. ಒಂದೇ ಲಾಟ್ ಎರಡು ಸಲ ನಮೂದಾಗುತ್ತದೆ. ಬೆಳ್ಳಗಾದ ವಿಂಡೋ ಕಣ್ಣಿಗೆ ಕಾಣುತ್ತದೆ. ಈ ತಪ್ಪು ಕಾಣುವುದಿಲ್ಲ. ತಿಂಗಳಾದ ಮೇಲೆ ರೈತರೊಬ್ಬರ ಲೆಕ್ಕ ತಾಳೆಯಾಗದೆ ಜಗಳವಾದಾಗ ಗೊತ್ತಾಗುತ್ತದೆ. ರಿಜಿಸ್ಟ್ರಿಯಲ್ಲಿ 5 ಸೆಕೆಂಡ್‌ನ ಅವಧಿ ಹೆಚ್ಚಿಸಿ ಅನ್ನುವವರೂ ಇದ್ದಾರೆ. ಅದರಿಂದ ವಿಂಡೋ ಬದುಕುವುದಿಲ್ಲ, ಸತ್ತ ಸುದ್ದಿ ತಡವಾಗಿ ಬರುತ್ತದೆ, ಅಷ್ಟೇ.

ನಿಜವಾಗಿಯೂ ಹೊತ್ತು ಹಿಡಿಯುವ ಕೆಲಸ ಬೇರೆ. ಇಡೀ ಹಂಗಾಮಿನ ಲಾಟ್‌ಗಳನ್ನು ಓದಿ ಎಕ್ಸೆಲ್ ವರದಿ ಮಾಡುವುದು ಅಂಥದ್ದು. ಅದಕ್ಕೆ ಬೇರೆ ಥ್ರೆಡ್ ಬೇಕು. ನಿಯಮ ಒಂದೇ: ಆ ಥ್ರೆಡ್ ನಿಮ್ಮ ಲೇಬಲ್, ಬಟನ್, ಪಟ್ಟಿ ಯಾವುದನ್ನೂ ಮುಟ್ಟಬಾರದು. ಫಲಿತಾಂಶವನ್ನು ಒಂದು 'ಕ್ಯೂ'ಗೆ, ಅಂದರೆ ಸರದಿ ಸಾಲಿಗೆ ಹಾಕಬೇಕು. ಮುಖ್ಯ ಥ್ರೆಡ್ ಆಫ್ಟರ್ ಮೂಲಕ ಆಗಾಗ ಕ್ಯೂ ನೋಡಿ ತಾನೇ ತೋರಿಸಬೇಕು. ಟಿಕಿಂಟರ್ ಬದಲು ಕ್ಯೂಟಿ ಬಳಸುವವರು ಸಿಗ್ನಲ್ ಕಳಿಸುತ್ತಾರೆ. ಸಿ ಶಾರ್ಪ್‌ನವರಿಗೆ 'ಅಸಿಂಕ್', 'ಅವೇಟ್' ಇವೆ. ಜಾವಾ ಸ್ವಿಂಗ್‌ನಲ್ಲಿ 'ಇನ್ವೋಕ್ ಲೇಟರ್'. ಹೆಸರು ಬೇರೆ, ನಿಯಮ ಎಲ್ಲ ಕಡೆ ಅದೇ. ಮುರಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಬಹುದು, ಗಿರಾಕಿಯ ಕಂಪ್ಯೂಟರ್‌ನಲ್ಲಿ ಕಾರಣವೇ ತಿಳಿಯದಂತೆ ಬೀಳುತ್ತದೆ. ಡೇಟಾ ಎಸ್‌ಕ್ಯೂಲೈಟ್ ಅನ್ನುವ ಒಂದೇ ಫೈಲಿನ ಡೇಟಾಬೇಸ್‌ನಲ್ಲಿದ್ದರೆ ಆ ಥ್ರೆಡ್‌ನೊಳಗೇ ಹೊಸ ಕನೆಕ್ಷನ್ ತೆರೆಯಿರಿ. ಒಂದು ಥ್ರೆಡ್‌ನಲ್ಲಿ ತೆರೆದದ್ದನ್ನು ಇನ್ನೊಂದರಲ್ಲಿ ಬಳಸಲು ಪೈಥಾನ್ ಸಾಮಾನ್ಯವಾಗಿ ಬಿಡುವುದಿಲ್ಲ. ಆ ಎಚ್ಚರಿಕೆಯನ್ನು ಆಫ್ ಮಾಡುವ ಆಯ್ಕೆ ಇದೆ, ಮಾಡಬೇಡಿ.

ಕೆಲಸ ಶುರುವಾದ ತಕ್ಷಣ ಬಟನ್ ಡಿಸೇಬಲ್ ಮಾಡಿ, ಮುಗಿದ ಮೇಲೆ ಎನೇಬಲ್ ಮಾಡಿ. ನಡುವೆ ಎರರ್ ಬಂದರೂ ಎನೇಬಲ್ ಆಗಬೇಕು. ಇದನ್ನು ಮರೆಯುವವರೇ ಜಾಸ್ತಿ.

ನೀವು ಕೇಳದ ಒಂದು ಮಾತು. ಕಾಟಾದಿಂದ ಬಂದ ಮೊದಲ ಅಂಕಿಯನ್ನೇ ಉಳಿಸಬೇಡಿ. ಚೀಲ ಅಲುಗಾಡುತ್ತಿರುವಾಗಲೂ ಅಂಕಿ ಬರುತ್ತಿರುತ್ತದೆ. ತೂಕ ನಿಂತಿದೆ ಅಂತ ಹೇಳುವ ಗುರುತನ್ನು ನಿಮ್ಮ ಕಾಟಾ ಕಳಿಸುತ್ತದಾ ಅಂತ ಪುಸ್ತಕದಲ್ಲಿ ನೋಡಿ. ಕಳಿಸಿದರೂ ತೂಕವನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ, ಗುಮಾಸ್ತರು ನೋಡಿ ಎಂಟರ್ ಒತ್ತಿದ ಮೇಲೆ ಮಾತ್ರ ದಾಖಲಿಸಿ. ರೈತರು ಎದುರಿಗೇ ನಿಂತಿರುತ್ತಾರೆ, ಅವರಿಗೂ ಕಾಣಲಿ. ತಾನಾಗಿ ಉಳಿಸಿಕೊಳ್ಳುವ ಪ್ರೋಗ್ರಾಂ ಬೇಕು ಅಂತ ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಪ್ರಶ್ನೆ: ಪ್ರೋಗ್ರಾಂ ತೆರೆದ ಕೂಡಲೇ ಬಟನ್ ಒತ್ತದೆಯೇ ಫಂಕ್ಷನ್ ಓಡುತ್ತದೆ. ಆಮೇಲೆ ಒತ್ತಿದರೆ ಏನೂ ಆಗುವುದಿಲ್ಲ. (ಧಾರವಾಡ)

ಬಟನ್‌ನ ಕಮಾಂಡ್‌ಗೆ ಫಂಕ್ಷನ್ ಹೆಸರು ಕೊಡುವಾಗ ಹೆಸರಿನ ಕೊನೆಗೆ ಆವರಣ ಚಿಹ್ನೆ ಹಾಕಿದ್ದೀರಿ. ತೆಗೆಯಿರಿ.

ಪ್ರಶ್ನೆ: ಪೈಥಾನ್, ಜಾವಾ, ಸಿ ಶಾರ್ಪ್, ಇವುಗಳಲ್ಲಿ ಯಾವುದು ಬೆಸ್ಟ್? (ಹುಬ್ಬಳ್ಳಿ, ಗದಗ, ಹಾನಗಲ್, ಇನ್ನೂ ಹಲವರು)

ನಿಮಗೆ ಈಗಾಗಲೇ ಬರುವುದು. ಯಾವುದೂ ಬರದಿದ್ದರೆ ಮತ್ತು ಗಿರಾಕಿಗಳೆಲ್ಲ ವಿಂಡೋಸ್‌ನವರಾದರೆ ಸಿ ಶಾರ್ಪ್.

ಪ್ರಶ್ನೆ: ಈಗ ಎಲ್ಲ ಮೊಬೈಲ್ ಮತ್ತು ವೆಬ್. ಡೆಸ್ಕ್‌ಟಾಪ್ ಕಲಿತರೆ ಟೈಮ್ ವೇಸ್ಟ್ ಅಂತ ಕೋಚಿಂಗ್ ಕ್ಲಾಸಿನಲ್ಲಿ ಹೇಳಿದರು. ನಿಜವಾ? (ಹುಬ್ಬಳ್ಳಿ)

ಅಮರಗೋಳದ ಎಪಿಎಂಸಿಗೆ ಒಂದು ದಿನ ಹೋಗಿ, ಅಂಗಡಿಗಳ ಕಂಪ್ಯೂಟರ್‌ನಲ್ಲಿ ಟ್ಯಾಲಿ ಎಷ್ಟು ಕಡೆ ತೆರೆದಿದೆ ನೋಡಿ. ಅದು ಡೆಸ್ಕ್‌ಟಾಪ್ ಪ್ರೋಗ್ರಾಂ.

ಪ್ರಶ್ನೆ: ರಾಣೆಬೆನ್ನೂರಿನ ಬೀಜದ ಅಂಗಡಿಯೊಂದಕ್ಕೆ ಸ್ಟಾಕ್ ಪ್ರೋಗ್ರಾಂ ಮಾಡಿ, ಪೈಇನ್‌ಸ್ಟಾಲರ್‌ನಿಂದ ಒಂದೇ ಫೈಲ್ ಮಾಡಿ ಕೊಟ್ಟೆ. ಒಂದು ಕಂಪ್ಯೂಟರ್‌ನಲ್ಲಿ ಆಂಟಿವೈರಸ್ ಅದನ್ನು ಅಳಿಸಿತು. ಇನ್ನೊಂದು ವಿಂಡೋಸ್ 7, ಅಲ್ಲಿ ತೆರೆಯುವುದೇ ಇಲ್ಲ. ಆಂಟಿವೈರಸ್ ಆಫ್ ಮಾಡಿಸಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ.

ಗಿರಾಕಿಯ ಆಂಟಿವೈರಸ್ ಆಫ್ ಮಾಡಿಸುವುದು ಪರಿಹಾರವಲ್ಲ. ಮುಂದೆ ಅಲ್ಲಿ ಏನಾದರೂ ಹೊಕ್ಕರೆ ಬೆರಳು ನಿಮ್ಮ ಕಡೆಗೇ ತಿರುಗುತ್ತದೆ, ಮತ್ತು ಅದು ನ್ಯಾಯವೇ. 'ಒನ್‌ಫೈಲ್' ಮಾಡಿದಾಗ ಪ್ರೋಗ್ರಾಂ ಪ್ರತಿ ಸಲ ಟೆಂಪ್ ಫೋಲ್ಡರ್‌ಗೆ ತನ್ನನ್ನು ತಾನೇ ಬಿಚ್ಚಿಕೊಂಡು ಓಡುತ್ತದೆ. ವೈರಸ್ ಬರೆಯುವವರೂ ಇಂಥ ದಾರಿ ಬಳಸುವುದರಿಂದ ಅನುಮಾನ ಬರುತ್ತದೆ. ತೆರೆಯುವುದು ನಿಧಾನವಾಗುವುದೂ ಇದರಿಂದಲೇ. 'ಒನ್‌ಡಿರ್' ಬಳಸಿ ಫೋಲ್ಡರ್ ಆಗಿ ಮಾಡಿ, ಇನೋ ಸೆಟಪ್‌ನಿಂದ ಇನ್‌ಸ್ಟಾಲರ್ ಕಟ್ಟಿ. ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ನಾಳೆ ಹತ್ತಾರು ಅಂಗಡಿಗೆ ಮಾರುವುದಿದ್ದರೆ ಪ್ರೋಗ್ರಾಂ ನಿಮ್ಮದೇ ಅಂತ ತೋರಿಸುವ ಕೋಡ್ ಸೈನಿಂಗ್ ಸರ್ಟಿಫಿಕೇಟ್‌ಗೆ ಖರ್ಚು ಮಾಡಿ.

ವಿಂಡೋಸ್ 7ರ ಕಥೆ ಬೇರೆ. ಅದರಲ್ಲಿ ಓಡುವ ಕೊನೆಯ ಪೈಥಾನ್ 3.8. ನೀವು ಅದಕ್ಕಿಂತ ಹೊಸದರಲ್ಲಿ ಕಟ್ಟಿದ್ದೀರಿ. 3.8ರಲ್ಲಿ ಕಟ್ಟಿದರೆ ಓಡಬಹುದು, ಆದರೆ 3.8ಕ್ಕೂ ಈಗ ಬೆಂಬಲವಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹಣದ ಲೆಕ್ಕ ಇರುವ ಕಂಪ್ಯೂಟರ್ ಬದಲಿಸಿ ಅಂತ ಅಂಗಡಿಯವರಿಗೆ ನೇರವಾಗಿ ಹೇಳಿ.

ಪ್ರಶ್ನೆ: ಗದಗಿನಲ್ಲಿ ನಮ್ಮ ಪ್ರಿಂಟಿಂಗ್ ಪ್ರೆಸ್ ಇದೆ. ನುಡಿಯಲ್ಲಿ ಟೈಪ್ ಮಾಡಿದ ಹೆಸರುಗಳು ನನ್ನ ಪ್ರೋಗ್ರಾಂನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತವೆ. ಫೈಲ್‌ಗೆ ಬರೆದರೆ ಎರರ್.

ಹಳೆಯ ಆಸ್ಕಿ ವಿಧಾನದಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ಬೇರೆ ಅಕ್ಷರ, ಫಾಂಟ್ ಮಾತ್ರ ಕನ್ನಡದ ಆಕಾರ ಬಿಡಿಸುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಬಳಸಿ. ಹಳೆಯ ಹೆಸರುಗಳನ್ನು ಒಮ್ಮೆ ಪರಿವರ್ತಕದಿಂದ ಬದಲಿಸಿ, ಕಣ್ಣಿಟ್ಟು ಓದಿ ನೋಡಿ. ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ. ಫೈಲ್ ತೆರೆಯುವಾಗಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವೇ ಬರೆಯಿರಿ, ವಿಂಡೋಸ್ ಮೇಲೆ ಬಿಡಬೇಡಿ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವುದಿದ್ದರೆ 'ಯುಟಿಎಫ್-8-ಸಿಗ್' ಅಂತ ಕೊಡಿ.

ನೀವು ಪ್ರೆಸ್‌ನವರು ಅಂದಿದ್ದಕ್ಕೆ ಇನ್ನೊಂದು ಮಾತು. ಹೆಸರಿಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕುವಾಗ ಹುಷಾರು. 'ಲಕ್ಷ್ಮೇಶ್ವರ' ನಮ್ಮ ಕಣ್ಣಿಗೆ 4 ಅಕ್ಷರ. ಪೈಥಾನ್‌ನ 'ಲೆನ್' ಕೊಡುವ ಉತ್ತರ 11. ಅದು ಸ್ವರಚಿಹ್ನೆ, ಹಲಂತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. 10ಕ್ಕೆ ಕತ್ತರಿಸಿದರೆ ಲಗ್ನಪತ್ರಿಕೆಯಲ್ಲಿ ಊರಿನ ಹೆಸರು 'ಲಕ್ಷ್ಮೇಶ್ವ' ಆಗುತ್ತದೆ, 9ಕ್ಕಾದರೆ ಹಲಂತಕ್ಕೇ ನಿಲ್ಲುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಾಣುವ ಫಾರ್ಮ್, ಬೇರೆ ಕಡೆ ಬಟನ್‌ಗಳು ಹೊರಗೆ ಹೋಗಿ ಕೂರುತ್ತವೆ. (ಶಿಗ್ಗಾಂವಿ)

ಬಟನ್‌ನ ಜಾಗವನ್ನು ಅಂಕಿಯಲ್ಲಿ ಹೇಳುವ 'ಪ್ಲೇಸ್' ಬಿಡಿ, ಸಾಲು, ಕಂಬಗಳಲ್ಲಿ ಜೋಡಿಸುವ 'ಗ್ರಿಡ್' ಕಲಿಯಿರಿ. ಕೊಡುವ ಮುಂಚೆ 1366 ಅಡ್ಡ 768ರ ಸ್ಕ್ರೀನ್‌ನಲ್ಲಿ, ಸ್ಕೇಲಿಂಗ್ 125 ಶೇಕಡಾ ಇಟ್ಟು ಒಮ್ಮೆ ನೋಡಿ.

ಪ್ರಶ್ನೆ: ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ವಿಷುಯಲ್ ಬೇಸಿಕ್ 6 ಕಲಿಸುತ್ತಾರೆ. ಸರ್ಟಿಫಿಕೇಟ್ ಕೊಡುತ್ತಾರಂತೆ. ಸೇರಲಾ? (ಹಾವೇರಿ)

ಬೇಡ. ಅದು 1998ರದ್ದು. ಅದರಲ್ಲಿ ಪ್ರೋಗ್ರಾಂ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ. ಹಳೆಯ ಪ್ರೋಗ್ರಾಂಗಳು ಇನ್ನೂ ಓಡುತ್ತಿವೆ, ಅವನ್ನು ನೋಡಿಕೊಳ್ಳುವವರಿಗೆ ಕೆಲಸವೂ ಇದೆ. ಆದರೆ ಹೊಸದಾಗಿ ಕಲಿಯುವ ಹುಡುಗ ಹುಡುಗಿಯರಿಂದ ಇದಕ್ಕೆ ಫೀ ತೆಗೆದುಕೊಳ್ಳುವುದು ತಪ್ಪು.

ಪ್ರಶ್ನೆ: ಅಂಗಡಿಯಲ್ಲಿ ಎರಡು ಕಂಪ್ಯೂಟರ್. ಎಸ್‌ಕ್ಯೂಲೈಟ್ ಫೈಲನ್ನು ಶೇರ್ ಫೋಲ್ಡರ್‌ನಲ್ಲಿ ಇಟ್ಟು ಎರಡೂ ಕಡೆಯಿಂದ ಬಿಲ್ ಮಾಡುತ್ತಿದ್ದೇವೆ. ಇಲ್ಲಿಯವರೆಗೆ ತೊಂದರೆ ಆಗಿಲ್ಲ. ಮುಂದುವರಿಸಬಹುದಾ? (ಹಾವೇರಿ)

ಇವತ್ತೇ ನಿಲ್ಲಿಸಿ. ಎಸ್‌ಕ್ಯೂಲೈಟ್ ಬಹಳ ಗಟ್ಟಿಯಾದ ಡೇಟಾಬೇಸ್, ಆದರೆ ಅದು ಫೈಲ್ ಲಾಕ್ ಮೇಲೆ ನಿಂತಿದೆ. ನೆಟ್‌ವರ್ಕ್ ಫೋಲ್ಡರ್‌ಗಳಲ್ಲಿ ಆ ಲಾಕ್ ನಂಬುವಂತಿಲ್ಲ ಅಂತ ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಎರಡೂ ಕಡೆ ಒಂದೇ ಕ್ಷಣಕ್ಕೆ ಬರೆದರೆ ಫೈಲೇ ಕೆಡಬಹುದು. ಒಂದು ಕಂಪ್ಯೂಟರ್‌ನಲ್ಲಿ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ಹಾಕಿ, ಎರಡೂ ಕಡೆಯಿಂದ ಅದಕ್ಕೆ ಸಂಪರ್ಕ ಕೊಡಿ. ಅದಾಗುವವರೆಗೆ ಒಂದೇ ಕಂಪ್ಯೂಟರ್‌ನಲ್ಲಿ ಬಿಲ್ ಮಾಡಿ. ಇವತ್ತು ಸಂಜೆ ಪ್ರೋಗ್ರಾಂ ಎರಡೂ ಕಡೆ ಮುಚ್ಚಿ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಆ ಕಾಪಿ ತೆರೆಯುತ್ತದಾ ಅಂತಲೂ ನೋಡಿ.